ಓಡೋದು ಸುಲಭ, ಕೇಳೋದು ಕಷ್ಟ

ಏಪ್ರಿಲ್‌ನಲ್ಲಿ ಬೆಂಗಳೂರಿನ ಟಿಸಿಎಸ್ ವರ್ಲ್ಡ್ 10ಕೆ ಓಡಿ ಬಂದೆ ಅಂತ ಹೇಳಿದಾಗ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳಿದ ಮೊದಲ ಪ್ರಶ್ನೆ, "ಟೈಮಿಂಗ್ ಎಷ್ಟು ಮಗಾ?" (1 ಗಂಟೆ 19 ನಿಮಿಷ. ದಯವಿಟ್ಟು ನಗಬೇಡಿ.) ಎರಡನೇ ಪ್ರಶ್ನೆ, "ಟಿ-ಶರ್ಟ್ ಮೇಲೆ ಅದೇನು ಹೆಸರು?" ಅದು ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ಒಂದು ಸಂಸ್ಥೆಯ ಹೆಸರು. ಅವರಿಗೋಸ್ಕರ ದುಡ್ಡು ಸೇರಿಸಿ ಓಡಿದ್ದೆ. ಆಮೇಲೆ ಬರುವ ಮೂರನೇ ಪ್ರಶ್ನೆಗೆ ಉತ್ತರವಾಗಿ ಈ ಲೇಖನ: "ನೀನು ಓಡಿದ್ರೆ ಅವರಿಗೆ ಹೇಗೋ ದುಡ್ಡು ಬರತ್ತೆ?"

ಓಡಿದ್ದಕ್ಕೆ ಬರಲ್ಲ. ನಾವು ಕಟ್ಟುವ ಎಂಟ್ರಿ ಫೀ ಓಟದ ಆಯೋಜಕರದ್ದು. ಸಂಸ್ಥೆಗೆ ದುಡ್ಡು ಬರೋದು ನಾವು ಜನರನ್ನು ಕೇಳಿದಾಗ ಮಾತ್ರ. ಓಟದ ಜೊತೆ ಸೇರಿಕೊಂಡಿರುವ ಸಂಸ್ಥೆಗಳಲ್ಲಿ ಒಂದನ್ನು ಆರಿಸಿ, ನಮ್ಮ ಹೆಸರಲ್ಲಿ ಒಂದು ಪುಟ ತೆರೀಬೇಕು. ಯಾಕೆ ಓಡ್ತಿದೀನಿ ಅಂತ ಅದರಲ್ಲಿ ನಾಲ್ಕು ಸಾಲು ಬರೆದು, ಲಿಂಕನ್ನು ಗೊತ್ತಿರುವವರಿಗೆಲ್ಲ ಕಳಿಸಬೇಕು. ಅವರು ಹಾಕುವ ದುಡ್ಡು ನಮ್ಮ ಅಕೌಂಟಿಗೆ ಬರದೆ ನೇರವಾಗಿ ಸಂಸ್ಥೆಗೆ ಹೋಗತ್ತೆ. ಹಾಗಾಗಿ "ಇವನು ಆ ದುಡ್ಡಲ್ಲಿ ಶೂ ತಗೊಂಡ" ಅನ್ನೋ ನಮ್ಮ ಬ್ಲಾಕ್‌ನವರ ಆರೋಪ ಶುದ್ಧ ಸುಳ್ಳು. ಶೂ ಅಪ್ಪ ಕೊಡಿಸಿದ್ದು.

ಈ ಪದ್ಧತಿ ತುಂಬಾ ದೊಡ್ಡದಾಗಿ ಬೆಳೆದಿರೋದು ಲಂಡನ್ ಮ್ಯಾರಥಾನ್‌ನಲ್ಲಿ. 1981ರಲ್ಲಿ ಶುರುವಾದ ಓಟ ಅದು. ಅಲ್ಲಿ ಸೀಟು ಸಿಗೋದು ನಮ್ಮ ಸಿಇಟಿಗಿಂತ ಕಷ್ಟ, ಯಾಕಂದ್ರೆ ಅಲ್ಲಿ ರ‍್ಯಾಂಕ್ ಕೂಡ ಇಲ್ಲ, ಲಾಟರಿ. ಹಾಗಾಗಿ ಸೇವಾ ಸಂಸ್ಥೆಗಳು ಮೊದಲೇ ದುಡ್ಡು ಕೊಟ್ಟು ಒಂದಷ್ಟು ಸೀಟು ಇಟ್ಟುಕೊಳ್ಳುತ್ತವೆ. ಸುಮಾರು 2,000 ಪೌಂಡ್ ಸೇರಿಸಿ ಕೊಡ್ತೀನಿ ಅಂತ ಒಪ್ಪಿಕೊಂಡವರಿಗೆ ಆ ಸೀಟು ಕೊಡ್ತಾರೆ. 2017ರಲ್ಲಿ ಆ ಓಟದ ಮುಖ್ಯ ಸಂಸ್ಥೆಯಾಗಿದ್ದದ್ದು 'ಹೆಡ್ಸ್ ಟುಗೆದರ್' ಅನ್ನೋ ಮಾನಸಿಕ ಆರೋಗ್ಯದ ಅಭಿಯಾನ. ಅವತ್ತು ಅವರ ಪರವಾಗಿ ಓಡಿದವರು ನೀಲಿ ಹೆಡ್‌ಬ್ಯಾಂಡ್ ಕಟ್ಟಿಕೊಂಡಿದ್ದರು.

ಆ ನೀಲಿ ಗುಂಪಿನಲ್ಲಿ ಇಬ್ಬರು ಜೊತೆಯಾಗಿ ಓಡಿದರು: ಜಾನಿ ಬೆಂಜಮಿನ್ ಮತ್ತು ನೀಲ್ ಲೇಬರ್ನ್. 2008ರ ಜನವರಿಯಲ್ಲಿ 20 ವರ್ಷದ ಜಾನಿ ಬದುಕು ಬೇಡ ಅಂತ ಲಂಡನ್ನಿನ ಒಂದು ಸೇತುವೆಯ ಮೇಲೆ ನಿಂತಿದ್ದ. ಅವನಿಗೆ ಸ್ಕಿಜೋಅಫೆಕ್ಟಿವ್ ಡಿಸಾರ್ಡರ್ ಇದೆ ಅಂತ ಡಾಕ್ಟರ್ ಹೇಳಿ ತುಂಬಾ ದಿನ ಆಗಿರಲಿಲ್ಲ. ಕೆಲಸಕ್ಕೆ ಹೋಗ್ತಿದ್ದ ನೀಲ್ ಅವನನ್ನು ನೋಡಿ ನಿಂತ, ಮಾತಾಡಿಸಿದ, ಅವನು ಕೆಳಗಿಳಿದು ಬರೋವರೆಗೂ ಮಾತಾಡ್ತಾನೇ ಇದ್ದ. ಇಬ್ಬರಿಗೂ ಪರಿಚಯ ಇರಲಿಲ್ಲ. ಆರು ವರ್ಷ ಆದಮೇಲೆ ಜಾನಿ ಆ ಅಪರಿಚಿತನನ್ನು ಹುಡುಕೋ ಅಭಿಯಾನ ಶುರು ಮಾಡಿದ. ಹೆಸರು ನೆನಪಿಲ್ಲದ್ದಕ್ಕೆ ಅವನಿಗೆ ತಾನೇ 'ಮೈಕ್' ಅಂತ ಹೆಸರಿಟ್ಟಿದ್ದ. ನೀಲ್ ಸಿಕ್ಕಿದ.

ಈ ಕತೆ ಹೇಳುವಾಗ ಎಲ್ಲರೂ ಸೇತುವೆ ಮತ್ತು ಮ್ಯಾರಥಾನ್ ಎರಡನ್ನೇ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಮುಖ್ಯ ಅನ್ಸೋದು ಮಧ್ಯದ ಒಂಬತ್ತು ವರ್ಷ. ಓಟ ಬಂದಿದ್ದು ಕೊನೆಯಲ್ಲಿ.

ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ಫಸ್ಟ್ ಇಯರ್‌ನಲ್ಲಿ ನನಗೆ ಡಿಪ್ರೆಶನ್ ಆಗಿತ್ತು. ಮೊದಲ ಸೆಮ್‌ನಲ್ಲಿ ಮೂರು ಇಂಟರ್ನಲ್ಸ್‌ಗೆ ಹೋಗಲೇ ಇಲ್ಲ. ಓದಿರಲಿಲ್ಲ ಅಂತಲ್ಲ, ಮಂಚದಿಂದ ಏಳೋಕಾಗಲಿಲ್ಲ. ಹಲ್ಲುಜ್ಜೋದು ಒಂದು ದೊಡ್ಡ ಪ್ರಾಜೆಕ್ಟ್ ಥರ ಕಾಣ್ತಿತ್ತು. ಆಗ ಒಳ್ಳೆ ಮನಸ್ಸಿಂದಾನೇ ಎಷ್ಟೋ ಜನ ಹೇಳಿದ್ದು: "ಬೆಳಿಗ್ಗೆ ಎದ್ದು ಒಂದು ರೌಂಡ್ ಓಡು, ಎಲ್ಲಾ ಸರಿಹೋಗತ್ತೆ." ಜ್ವರ ಬಂದವನಿಗೆ ಈಜು ಅಂದ ಹಾಗೆ. ಡಿಸೆಂಬರ್‌ನಲ್ಲಿ ಅಮ್ಮ ಸೈಕಿಯಾಟ್ರಿಸ್ಟ್ ಹತ್ರ ಕರ್ಕೊಂಡು ಹೋದರು. ಮೊದಲು ಮಾತ್ರೆ. ಕೆಲವು ವಾರ ಆದಮೇಲೆ ನಿದ್ದೆ ಸರಿಯಾಯ್ತು. ಆಮೇಲೆ ಊಟ, ಆಮೇಲೆ ಸ್ನಾನ. ಫೆಬ್ರವರಿಯಲ್ಲಿ ನಡೆಯೋಕೆ ಶುರು ಮಾಡಿದೆ, ಓಡಿದ್ದು ಜುಲೈನಲ್ಲಿ: ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಈಗಲೂ ಮಾತ್ರೆ ಇದೆ, ಡಾಕ್ಟರ್ ನಿಧಾನವಾಗಿ ಡೋಸ್ ಇಳಿಸ್ತಿದಾರೆ.

ಹಾಗಂತ ಓಟದಿಂದ ಏನೂ ಆಗಲ್ಲ ಅಂತಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಡಿಪ್ರೆಶನ್ ಇದ್ದ, 50 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನ 156 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಸರ್ಟ್ರಲಿನ್ ಮಾತ್ರೆ, ಇನ್ನೊಂದಕ್ಕೆ ಎರಡೂ ಕೊಟ್ಟರು. 16 ವಾರ ಆದಮೇಲೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಸುಧಾರಿಸಿತ್ತು. ರೀಲ್ಸ್‌ನಲ್ಲಿ ಇಷ್ಟು ಹೇಳಿ ನಿಲ್ಲಿಸ್ತಾರೆ. ಮೊದಮೊದಲು ಬೇಗ ಚೇತರಿಸಿಕೊಂಡದ್ದು ಬರೀ ಮಾತ್ರೆ ತಗೊಂಡವರು ಅನ್ನೋದು ಮತ್ತು ವ್ಯಾಯಾಮವನ್ನು ಗುಂಪಲ್ಲಿ, ಪಕ್ಕದಲ್ಲಿ ಒಬ್ಬರು ನಿಂತು ಮಾಡಿಸ್ತಿದ್ದರು ಅನ್ನೋದು ಅದೇ ಪೇಪರ್‌ನಲ್ಲಿದೆ. ಒಬ್ಬನೇ ರೂಮಲ್ಲಿ ಮಲಗಿರುವವನಿಗೆ "ಓಡು" ಅಂತ ಮೆಸೇಜ್ ಹಾಕೋದು ಬೇರೆ.

ಹಾಗಾದ್ರೆ ಸೇರಿಸಿದ ದುಡ್ಡು ಏನಾಗತ್ತೆ? ಬಹುಪಾಲು ಇಂಥ ಸಣ್ಣ ಮೊದಲ ಹೆಜ್ಜೆಗಳಿಗೇ ಹೋಗತ್ತೆ: ಮಾತ್ರೆ, ಬಸ್ ಚಾರ್ಜು, ಮನೆಗೆ ಬಂದು ವಿಚಾರಿಸೋ ಒಬ್ಬ ಕಾರ್ಯಕರ್ತೆ. ದೀಪಿಕಾ ಪಡುಕೋಣೆ ತಮ್ಮ ಡಿಪ್ರೆಶನ್ ಬಗ್ಗೆ ಬಹಿರಂಗವಾಗಿ ಮಾತಾಡಿ 2015ರಲ್ಲಿ ಕಟ್ಟಿದ ಲಿವ್ ಲವ್ ಲಾಫ್ ಸಂಸ್ಥೆ ತನ್ನ ಗ್ರಾಮೀಣ ಕಾರ್ಯಕ್ರಮ ಶುರು ಮಾಡಿದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿ, 2016ರಲ್ಲಿ. ಅದಕ್ಕೂ ಎಷ್ಟೋ ಮೊದಲು, 1980ರ ದಶಕದಲ್ಲಿ, ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಊರಿನ ಸರ್ಕಾರಿ ಡಾಕ್ಟರುಗಳಿಗೇ ತರಬೇತಿ ಕೊಟ್ಟು ಈ ಕೆಲಸ ಮಾಡಿಸಿದ್ದರು. ಇವತ್ತು ದೇಶದಲ್ಲಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇಷ್ಟೆಲ್ಲ ಇದ್ದರೂ, 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆ ಪ್ರಕಾರ ಡಿಪ್ರೆಶನ್, ಆತಂಕದಂಥ ಸಾಮಾನ್ಯ ಕಾಯಿಲೆ ಇರುವ ನೂರು ಜನರಲ್ಲಿ 85 ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಇಷ್ಟನ್ನು ಗೂಗಲ್ ಮಾಡಿ ಬರೀಬಹುದು. ನನ್ನ ಪುಟದ ನಾಲ್ಕು ಸಾಲು ಬರೆಯೋಕೆ ಮಾತ್ರ ಹನ್ನೊಂದು ದಿನ ಹಿಡೀತು. ಟ್ರೇನಿಂಗ್‌ನಲ್ಲಿ ಯಾವ ದಿನವೂ ಅಷ್ಟು ಬೆವರಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. "ಅದೆಲ್ಲ ಯಾಕೋ ಹಾಕ್ತೀಯ? ಒಳ್ಳೆ ಕೆಲಸಕ್ಕೆ ಅಂತ ಹಾಕು, ಸಾಕು. ನಾಳೆ ಕೆಲಸ ಕೊಡೋರು ನೋಡಿದ್ರೆ?" ಅಂದರು. ಅವರನ್ನು ತಪ್ಪು ತಿಳ್ಕೋಬೇಡಿ. ಕ್ಲಿನಿಕ್ ಹೊರಗೆ ನನ್ನ ಜೊತೆ ಎರಡೆರಡು ಗಂಟೆ ಕೂತವರು, ಮಾತ್ರೆ ಎಣಿಸಿಟ್ಟವರು ಅವರೇ. ಅವರ ಭಯ ಸುಳ್ಳೂ ಅಲ್ಲ. ಎಲ್ಲರೂ ಹೀಗೆ ಹೇಳ್ಕೋಬೇಕು ಅಂತ ನಾನು ಹೇಳಲ್ಲ. ಬರೀ "ಒಳ್ಳೆ ಕೆಲಸಕ್ಕೆ" ಅಂತ ಬರೆದು ಓಡಿದರೂ ದುಡ್ಡು ಅಷ್ಟೇ ಉಪಯೋಗಕ್ಕೆ ಬರತ್ತೆ.

ಕೊನೆಗೆ ಬರೆದಿದ್ದು ಇಷ್ಟು: "ಹೋದ ವರ್ಷ ನನಗೆ ಡಿಪ್ರೆಶನ್ ಆಗಿತ್ತು. ಡಾಕ್ಟರ್ ಹತ್ರ ಹೋದೆ, ಮಾತ್ರೆ ತಗೊಂಡೆ, ಈಗ ಚೆನ್ನಾಗಿದೀನಿ. ಹಾಗೆ ಹೋಗಕ್ಕಾಗದೇ ಇರೋರಿಗೋಸ್ಕರ ಓಡ್ತಿದೀನಿ." ಮೊದಲು ಬಂದಿದ್ದು ಅಮ್ಮನ 1,001 ರೂಪಾಯಿ. ನಾನೇ ಹಾಕಿಕೊಂಡಿದ್ದ ಟಾರ್ಗೆಟ್ 20,000, ಸೇರಿದ್ದು 23,650.

ಅದರಲ್ಲಿ 50 ರೂಪಾಯಿ ಹೆಸರಿಲ್ಲದೆ ಬಂದಿತ್ತು. ಓಟ ಮುಗಿದ ವಾರ ಮೆಸ್‌ನಲ್ಲಿ ಒಬ್ಬ ತಟ್ಟೆ ಹಿಡ್ಕೊಂಡು ಪಕ್ಕ ಕೂತ. (ಅವನನ್ನು ಕೇಳಿಯೇ ಬರೀತಿದೀನಿ.) ಸ್ವಲ್ಪ ಹೊತ್ತು ಸಾಂಬಾರಿನ ಬಗ್ಗೆ ಬೈದು, ಆಮೇಲೆ ಮೆಲ್ಲಗೆ ಕೇಳಿದ: "ಆ 50 ನಂದೇ. ಡಾಕ್ಟರ್ ಫೀಸ್ ಎಷ್ಟು ತಗೋತಾರೆ ಮಗಾ? ಮನೇಲಿ ಕೇಳೋ ಹಾಗಿಲ್ಲ."

ಜಿಲ್ಲಾಸ್ಪತ್ರೆಯಲ್ಲೂ ಸೈಕಿಯಾಟ್ರಿ ಇದೆ, ಅಲ್ಲಿ ಅಷ್ಟೆಲ್ಲ ಖರ್ಚಾಗಲ್ಲ ಅಂದೆ. ಅಲ್ಲಿಗೆ ಹೋಗೋ ಮುಂಚೆ ಮಾತಾಡ್ಬೇಕು ಅನ್ಸಿದ್ರೆ 14416, ಟೆಲಿ ಮಾನಸ್: ಸರ್ಕಾರದ್ದು, ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ. ಅವತ್ತು ರಾತ್ರಿ ಟೆರೇಸ್ ಮೇಲೆ ಹೋಗಿ ಅವನು ಫೋನ್ ಮಾಡಿದ. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಗುರುವಾರ ಎರಡು ಕ್ಲಾಸ್ ಬಂಕ್ ಮಾಡಿ ಇಬ್ಬರೂ ಬಸ್ ಹತ್ತಿದ್ವಿ. ಟೋಕನ್ ನಂಬರ್ 34 ಬಂತು.