ಮಂಡಿಗೆ ಅಂಟಿಸುವ ಬಣ್ಣದ ಟೇಪು: ನೋವು ಹೋಗುತ್ತದೆಯೇ?

ಹೃದಯದ ಡಾಕ್ಟರಿಗೆ ಮಂಡಿನೋವಿನ ಉಸಾಬರಿ ಯಾಕೆ ಅಂತ ಕೇಳಬೇಡಿ. ಚೆನ್ನೈನಲ್ಲಿ ನನ್ನ ಬಳಿ ಬರುವ ನಮ್ಮ ಕನ್ನಡದ ಹಿರಿಯರಲ್ಲಿ ಅನೇಕರು ಮಂಡಿ ಹಿಡಿದುಕೊಂಡೇ ಕುರ್ಚಿಯಿಂದ ಏಳುತ್ತಾರೆ. ವಿಚಾರಿಸಿದರೆ, ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್ ತಿಂಗಳುಗಟ್ಟಲೆ ನಡೆದಿರುತ್ತದೆ. ಈ ಜಾತಿಯ ಮಾತ್ರೆಗಳು ದೇಹದಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ, ಕಿಡ್ನಿಗೆ ಪೆಟ್ಟು ಕೊಡಬಹುದು, ಹೃದಯಾಘಾತದ ಸಂಭವವನ್ನೂ ಹೆಚ್ಚಿಸುತ್ತವೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಬೇರೆ. ಇದೇ ಗುಂಪಿನ ರೋಫೆಕಾಕ್ಸಿಬ್ 2004ರಲ್ಲಿ ಮಾರುಕಟ್ಟೆಯಿಂದ ಹೋದದ್ದು ಹೃದಯದ ಕಾರಣಕ್ಕೇ.

ಆದ್ದರಿಂದ "ಮಾತ್ರೆ ಬೇಡ, ಟೇಪು ಹಾಕಿಸಿಕೊಳ್ಳಲೇ?" ಎಂದು ಯಾರಾದರೂ ಕೇಳಿದರೆ ನನಗೆ ಸಂತೋಷವೇ.

ಈ ಟೇಪನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಜೊ ಕಾಸೆ. 2008ರ ಬೀಜಿಂಗ್ ಒಲಿಂಪಿಕ್ಸ್ ಆಟಗಾರರ ಮೈಮೇಲೆ ಕಂಡ ಮೇಲೆ ಎಲ್ಲೆಡೆ ಹಬ್ಬಿತು. ಅದು ಹಿಗ್ಗುವ ಹತ್ತಿಬಟ್ಟೆ, ಒಂದು ಕಡೆ ಅಂಟು, ಅಷ್ಟೇ. ಔಷಧಿ ಇಲ್ಲ. ನೀಲಿಗೂ ಗುಲಾಬಿಗೂ ಗುಣದಲ್ಲಿ ವ್ಯತ್ಯಾಸವಿಲ್ಲ. ಚರ್ಮದ ಮೇಲಿನ ಎಳೆತದಿಂದ ನೋವಿನ ಅರಿವು ಸ್ವಲ್ಪ ಮಂಕಾಗಬಹುದು, ಕಾಲೂರಲು ಧೈರ್ಯ ಬರಬಹುದು. ಸವೆದ ಮೃದ್ವಸ್ಥಿ ಮಾತ್ರ ಮತ್ತೆ ಬೆಳೆಯುವುದಿಲ್ಲ.

ಸಂಶೋಧನೆಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಕೆಲವರಿಗೆ ಕೆಲವು ದಿನ ನೋವು ಇಳಿದಿದೆ. ಸುಮ್ಮನೆ ಎಳೆಯದೆ ಅಂಟಿಸಿದ ಟೇಪಿನ ಜೊತೆ ಹೋಲಿಸಿದಾಗ ಆ ಲಾಭ ಎಷ್ಟೋ ಸಲ ಕುಗ್ಗಿದೆ. ಅಮೆರಿಕದ ಸಂಧಿವಾತ ತಜ್ಞರ ಸಂಘದ 2019ರ ಮಾರ್ಗಸೂಚಿಯೂ ಟೇಪಿಗೆ ಅರೆಮನಸ್ಸಿನ ಒಪ್ಪಿಗೆ ಕೊಟ್ಟಿದೆ. ಬಲವಾದ ಶಿಫಾರಸು ವ್ಯಾಯಾಮಕ್ಕೆ, ತೂಕ ಇಳಿಸುವುದಕ್ಕೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆ! ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರ ಚಾಚಿ, ತೊಡೆ ಬಿಗಿಮಾಡಿ, ಐದು ಎಣಿಸಿ ಇಳಿಸಿ. ಟಿವಿ ಸೀರಿಯಲ್ ನೋಡುತ್ತಲೇ ಮಾಡಬಹುದು. ಟೇಪಿನಿಂದ ನೋವು ತಗ್ಗಿದ ದಿನಗಳನ್ನು ಇದಕ್ಕೆ ಬಳಸಿಕೊಂಡರೆ ದುಡ್ಡು ದಂಡವಾಗಲಿಲ್ಲ. ವ್ಯಾಯಾಮವಿಲ್ಲದ ಬರೀ ಟೇಪಿನ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ.

ಮೊದಲ ಸಲ ಫಿಸಿಯೋಥೆರಪಿಸ್ಟ್ ಕೈಯಲ್ಲೇ ಹಾಕಿಸಿ. ಚೆನ್ನೈ ಸೆಕೆ, ಬೆವರಿಗೆ ತುರಿಕೆ ಬೇಗ. ಉರಿ, ಗುಳ್ಳೆ ಕಂಡರೆ ಎಣ್ಣೆ ಸವರಿ ಮೆಲ್ಲಗೆ ಬಿಡಿಸಿ. ಸಕ್ಕರೆ ಕಾಯಿಲೆಯವರು, ಚರ್ಮ ತೆಳುವಾದ ವೃದ್ಧರು ಇನ್ನೂ ಎಚ್ಚರ. ಗಾಯದ ಮೇಲಂತೂ ಬೇಡವೇ ಬೇಡ.

ಎರಡೂ ಪಾದ ಊದಿಕೊಂಡು ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಅದು ಹೃದಯದ್ದಿರಬಹುದು. ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಇವೆರಡಕ್ಕೂ ಟೇಪು ಹಚ್ಚಿಕೊಂಡು ಮನೆಯಲ್ಲಿ ಕೂರಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.