ಕ್ಯಾಂಪರ್ ವ್ಯಾನಿನ ಕರೆಂಟು: ಬೆಳಗಿನ ಎರಡು ತಾಸಿನ ಲೆಕ್ಕ

ದೆಹಲಿ, ಪುಣೆ, ಮುಂಬೈಗಳಲ್ಲಿ ಕೆಲಸದಲ್ಲಿರುವ ನಮ್ಮ ಕನ್ನಡಿಗ ಮಿತ್ರರಲ್ಲಿ ಈಗ ರಜೆಯ ಮಾತು ಬಂದರೆ ಹೋಟೆಲಿನ ಜೊತೆಗೆ ಕ್ಯಾಂಪರ್ ವ್ಯಾನಿನ ಹೆಸರೂ ಕೇಳಿಬರುತ್ತದೆ. ಬಾಡಿಗೆಗೆ ವ್ಯಾನು ಸಿಗುತ್ತದೆ. ಒಳಗೇ ಹಾಸಿಗೆ, ಒಲೆ, ಪುಟ್ಟ ಫ್ರಿಜ್ಜು ಎಲ್ಲ ಇರುತ್ತವೆ. ಊರಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಲಡಾಖಿಗೋ ಸ್ಪಿತಿಗೋ ಹೊರಟರಾಯಿತು. ವ್ಯಾನು ಬಾಡಿಗೆಗೆ ಕೊಡುವವರು ಹಾಸಿಗೆಯ ಅಗಲವನ್ನು ವಿವರವಾಗಿ ಹೇಳುತ್ತಾರೆ. ಕರೆಂಟಿನ ವಿಷಯಕ್ಕೆ ಬಂದಾಗ ಮಾತ್ರ ‘ಬ್ಯಾಟರಿ ಇದೆ, ಜನರೇಟರ್ ಇದೆ ಸಾರ್’ ಎಂದು ಮುಗಿಸಿಬಿಡುತ್ತಾರೆ. ಕಂಬವೇ ಇಲ್ಲದ ಕಡೆ ನಾಲ್ಕು ದಿನ ಇರಬೇಕಾದವರಿಗೆ ಅಷ್ಟು ಉತ್ತರ ಸಾಲದು.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದಿದ್ದು ಅಪ್ಪನ ಸಿಪ್ಯಾಪ್ ಯಂತ್ರದಿಂದ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ರಾತ್ರಿಯಿಡೀ ಅದು ನಡೆಯಲೇಬೇಕು. ಎತ್ತರದ ಜಾಗಕ್ಕೆ ಹೋಗಬಹುದೇ ಎಂದು ವೈದ್ಯರನ್ನು ಮೊದಲು ಕೇಳಿದೆವು. ಅವರು ಒಪ್ಪಿದ ಮೇಲೆ, ಲೇಹ್‌ನಲ್ಲಿ ಕೆಲವು ದಿನ ಮೈ ಒಗ್ಗಿಸಿಕೊಂಡು ಹಾನ್ಲೆಗೆ ಹೋಗುವುದೆಂದು ಗೊತ್ತಾಯಿತು. ನಡುರಾತ್ರಿ ಮೂರಕ್ಕೆ ಬ್ಯಾಟರಿ ಕೈಕೊಟ್ಟರೆ ಫೋನ್ ಚಾರ್ಜ್ ಆಗದಿರುವುದಕ್ಕಿಂತ ದೊಡ್ಡ ತೊಂದರೆಯಾಗುತ್ತದೆ. ಹಾಗಾಗಿ ಹೊರಡುವ ಮುನ್ನ ಕಾಗದ ಪೆನ್ನು ಹಿಡಿದು ಕೂತೆವು.

ಲೆಕ್ಕ ಕಷ್ಟದ್ದೇನಲ್ಲ. ಫ್ರಿಜ್ಜು 50 ವ್ಯಾಟ್, ದಿನಕ್ಕೆ ಒಟ್ಟು ಹತ್ತು ತಾಸು ಓಡಿದರೆ 500 ವ್ಯಾಟ್ ಅವರ್. ಸಿಪ್ಯಾಪ್ 40 ವ್ಯಾಟ್, ಎಂಟು ತಾಸಿಗೆ 320. ಲ್ಯಾಪ್‌ಟಾಪ್ ಮೂರು ತಾಸಿಗೆ 180. ದೀಪ, ಫೋನು, ನೀರಿನ ಪಂಪಿಗೆ 200. ಒಟ್ಟು 1,200 ವ್ಯಾಟ್ ಅವರ್. 12 ವೋಲ್ಟಿನಿಂದ ಭಾಗಿಸಿದರೆ 100 ಆಂಪಿಯರ್ ಅವರ್. ಸಿಪ್ಯಾಪ್‌ನಲ್ಲಿ ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಹಾಕಿದರೆ ಅದರ ಖರ್ಚು ಬಹಳ ಏರುತ್ತದೆ. ಅದನ್ನು ನಿಲ್ಲಿಸಬಹುದೇ ಎಂಬುದನ್ನೂ ವೈದ್ಯರ ಬಳಿಯೇ ಕೇಳಬೇಕು.

ವ್ಯಾನಿನಲ್ಲಿದ್ದದ್ದು 100 ಆಂಪಿಯರ್ ಅವರಿನ ಎರಡು ಲೆಡ್ ಆಸಿಡ್ ಬ್ಯಾಟರಿ. 200ರಲ್ಲಿ 100 ಖರ್ಚು, ಇನ್ನೂ 100 ಉಳಿತಾಯ ಎಂದು ಸಮಾಧಾನಪಡುವ ಹಾಗಿಲ್ಲ. ಈ ಜಾತಿಯ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯುಸ್ಸು ಕುಗ್ಗುತ್ತದೆ. ಚಳಿಗೆ ಅದರ ಸಾಮರ್ಥ್ಯವೂ ಇಳಿಯುತ್ತದೆ. ‘ಬ್ಯಾಟರೀನೂ ಎತ್ತಿನಂಗ, ಪೂರ್ತಿ ದಣಿಯಾಕ ಬಿಡಬಾರದು’ ಎಂದರು ಹಾವೇರಿ ಕಡೆಯ ನಮ್ಮಪ್ಪ. ಬ್ಯಾಟರಿಗೆ ಸ್ವಲ್ಪ ಹೊತ್ತು ವಿಶ್ರಾಂತಿ ಕೊಟ್ಟು ಮೀಟರ್ ಹಿಡಿದಾಗ 12.7 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ, 12.2ರ ಆಸುಪಾಸಿದ್ದರೆ ಅರ್ಧ. ಅಂದರೆ ಪ್ರತಿದಿನವೂ ಖರ್ಚಾದಷ್ಟನ್ನು ತುಂಬಲೇಬೇಕು.

ತುಂಬುವುದರಲ್ಲೇ ಜನ ಎಡವುವುದು. ಹಲವು ಪುಟ್ಟ ಜನರೇಟರ್‌ಗಳಲ್ಲಿ ‘12 ವೋಲ್ಟ್ ಡಿಸಿ’ ಎಂದು ಬರೆದ ಒಂದು ಸಾಕೆಟ್ ಇರುತ್ತದೆ. ಬ್ಯಾಟರಿಗೆ ಇದೇ ಸರಿ ಎನಿಸುವುದು ಸಹಜ. ಆದರೆ ಅದರಿಂದ ಬರುವುದು ಸಾಮಾನ್ಯವಾಗಿ 8 ಆಂಪಿಯರ್ ಮಾತ್ರ. 60 ಆಂಪಿಯರ್ ಅವರ್ ತುಂಬಲು ಏಳೂವರೆ ತಾಸು ಬೇಕು. ಬ್ಯಾಟರಿಯ ಸ್ಥಿತಿ ನೋಡಿಕೊಂಡು ವೋಲ್ಟೇಜ್ ಹೊಂದಿಸುವ ಜಾಣತನವೂ ಅದಕ್ಕಿಲ್ಲ. ಜನರೇಟರಿನ 230 ವೋಲ್ಟ್ ಸಾಕೆಟ್‌ಗೆ ಒಳ್ಳೆಯ ಬ್ಯಾಟರಿ ಚಾರ್ಜರ್ ಸಿಕ್ಕಿಸಿ, ಅದರ ಮೂಲಕ ತುಂಬುವುದೇ ಸರಿ ದಾರಿ.

ಇನ್ನೊಂದು ವಿಷಯ, ಮನೆಯ ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಲೋಡ್ ಶೆಡ್ಡಿಂಗ್ ಕಾಲ ಕಳೆದವರಿಗೆ ಬೇಗ ಅರ್ಥವಾಗುತ್ತದೆ. ಲೆಡ್ ಆಸಿಡ್ ಬ್ಯಾಟರಿ ಹಸಿದಾಗ ಗಬಗಬನೆ ತಿನ್ನುತ್ತದೆ, ಹೊಟ್ಟೆ ತುಂಬುತ್ತ ಬಂದಂತೆ ನಿಧಾನ ಮಾಡುತ್ತದೆ. 50ರಿಂದ 80 ಪ್ರತಿಶತಕ್ಕೆ ಏರಲು 40 ಆಂಪಿಯರಿನ ಚಾರ್ಜರಿಗೆ ಒಂದೂವರೆ ತಾಸು ಸಾಕು. ಉಳಿದ 20 ಪ್ರತಿಶತಕ್ಕೆ ಮೂರು ನಾಲ್ಕು ತಾಸು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಜನರೇಟರ್ ಓಡಿಸುವುದೆಂದರೆ ಪೆಟ್ರೋಲು ಸುಟ್ಟು ಗದ್ದಲ ಕೊಂಡಂತೆ. ಬೆಳಿಗ್ಗೆ ಜನರೇಟರಿನಿಂದ 80ರವರೆಗೆ ಏರಿಸಿ, ಮಿಕ್ಕದ್ದನ್ನು ಚಾವಣಿಯ ಸೋಲಾರ್ ಫಲಕಕ್ಕೆ ಬಿಡುವುದು ಜಾಣತನ. ಬಿಸಿಲಿದ್ದರೆ 200 ವ್ಯಾಟಿನ ಫಲಕಕ್ಕೆ ಅದು ಭಾರವಲ್ಲ. ವ್ಯಾನು ಓಡುವಾಗ ಎಂಜಿನ್ನಿನಿಂದಲೇ ತುಂಬುವ ಡಿಸಿ-ಡಿಸಿ ಚಾರ್ಜರ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ವಾರಕ್ಕೊಮ್ಮೆಯಾದರೂ ಪೂರ್ತಿ ನೂರು ಮುಟ್ಟಿಸಬೇಕು. ಇಲ್ಲವಾದರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಕೂತು ಬ್ಯಾಟರಿ ಮೊಂಡಾಗುತ್ತದೆ. ಲಿಥಿಯಂ ಬ್ಯಾಟರಿಯಾದರೆ ಕೊನೆಯವರೆಗೂ ಚುರುಕಾಗಿ ತುಂಬುತ್ತದೆ. ಆದರೆ ಅದು ಶೂನ್ಯ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಿದರೆ ಶಾಶ್ವತವಾಗಿ ಕೆಡಬಹುದು. ಲಡಾಖಿನ ಮುಂಜಾವಿನಲ್ಲಿ ಇದನ್ನು ಮರೆಯುವಂತಿಲ್ಲ.

ಈಗ ಎತ್ತರದ ಲೆಕ್ಕ. ಎಂಜಿನ್ನಿಗೂ ಉಸಿರಾಡಲು ಗಾಳಿ ಬೇಕು. ಪ್ರತಿ 300 ಮೀಟರ್ ಏರಿದಂತೆ ಜನರೇಟರಿನ ಶಕ್ತಿ ಮೂರರಿಂದ ಮೂರೂವರೆ ಪ್ರತಿಶತ ಇಳಿಯುತ್ತದೆ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. 4,300 ಮೀಟರಿನ ಆಸುಪಾಸಿನ ಹಾನ್ಲೆಯಲ್ಲಿ ಅರ್ಧಕ್ಕೆ ಹತ್ತಿರ. 40 ಆಂಪಿಯರಿನ ಸಾಧಾರಣ ಚಾರ್ಜರ್ ಸುಮಾರು 1,000 ವಿಎ ಎಳೆಯುತ್ತದೆ. ದೆಹಲಿಯಲ್ಲಿ ಅದನ್ನು ಸಲೀಸಾಗಿ ಎಳೆದ 2 ಕೆವಿಎ ಜನರೇಟರ್ ಅಲ್ಲಿ ಏದುಸಿರು ಬಿಟ್ಟು ಟ್ರಿಪ್ ಆಗಬಹುದು. ಚಾರ್ಜರನ್ನು 30 ಆಂಪಿಯರಿಗೆ ಇಳಿಸಿದರೆ 800 ವಿಎ ಒಳಗೆ ಬರುತ್ತದೆ, ಅರವತ್ತು ಆಂಪಿಯರ್ ಅವರ್ ತುಂಬಲು ಎರಡು ತಾಸು. ನಾವು ನೆಚ್ಚಿದ್ದು ಈ ಎರಡು ತಾಸಿನ ಲೆಕ್ಕವನ್ನೇ. ಜನರೇಟರ್ ಮೊದಲು ಚಾಲೂ ಮಾಡಿ, ಎರಡು ನಿಮಿಷ ಬಿಸಿಯಾಗಲು ಬಿಟ್ಟು ಚಾರ್ಜರ್ ಸಿಕ್ಕಿಸಬೇಕು. ನಿಲ್ಲಿಸುವಾಗ ಮೊದಲು ಚಾರ್ಜರ್ ತೆಗೆಯಬೇಕು.

ಇದಕ್ಕೆಲ್ಲ ಮೇಲಿನ ಮಾತು ಹೊಗೆಯದು. ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು ಅದರ ಮೊದಲ ಲಕ್ಷಣಗಳು. ಎತ್ತರದ ಕಾಯಿಲೆಯ ಲಕ್ಷಣಗಳೂ ಇವೇ! ಲಡಾಖಿನಲ್ಲಿ ಅಪಾಯ ಇಮ್ಮಡಿಯಾಗುವುದು ಇದರಿಂದಲೇ. ‘ಎತ್ತರಕ್ಕೆ ಹೀಗಾಗ್ತದೆ, ಮಲಗಿಕೊಳ್ಳಿ’ ಎಂದು ಅಮ್ಮನನ್ನು ವ್ಯಾನಿನೊಳಗೇ ಮಲಗಿಸಿದರೆ ವಿಷದ ಗಾಳಿಯಲ್ಲೇ ಮಲಗಿಸಿದಂತಾದೀತು. ಜನರೇಟರ್ ಓಡುತ್ತಿರುವಾಗ ಯಾರಿಗೆ ತಲೆನೋವು ಬಂದರೂ ಮೊದಲು ಎಲ್ಲರೂ ಹೊರಗೆ ಬನ್ನಿ, ಜನರೇಟರ್ ನಿಲ್ಲಿಸಿ, ಆಮೇಲೆ ಕಾರಣ ಹುಡುಕಿ, ವೈದ್ಯರನ್ನು ಕಾಣಿ. ಜನರೇಟರ್ ವ್ಯಾನಿನಿಂದ ಕನಿಷ್ಠ 6 ಮೀಟರ್ ದೂರದಲ್ಲಿರಲಿ. ಹೊಗೆ ಕೊಳವೆಯ ಬಾಯಿ ಆಚೆ ಮುಖವಾಗಿರಲಿ, ಗಾಳಿ ನಿಮ್ಮ ಕಡೆಯಿಂದ ಅದರ ಕಡೆಗೆ ಬೀಸುತ್ತಿರಲಿ. ಮಳೆ ಬಂತೆಂದು ವ್ಯಾನಿನ ಚಪ್ಪರದಡಿ ಎಳೆದುಕೊಳ್ಳಬೇಡಿ. ಅದನ್ನು ಓಡಲು ಬಿಟ್ಟು ಮಲಗಲೇಬೇಡಿ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಹಾಸಿಗೆಯ ಹತ್ತಿರ ಇಡಿ. ಪೆಟ್ರೋಲ್ ತುಂಬುವುದು ಎಂಜಿನ್ ತಣ್ಣಗಾದ ಮೇಲೆಯೇ.

ನೆರೆಯವರ ಮಾತೂ ಇದೆ. ನಮ್ಮ ದೇಶದ ಶಬ್ದ ಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಹೊತ್ತನ್ನು ರಾತ್ರಿಯೆಂದೇ ಎಣಿಸಿ, ಶಬ್ದದ ಮಿತಿಯನ್ನು ಇನ್ನಷ್ಟು ಬಿಗಿ ಮಾಡಿವೆ. ಹಾನ್ಲೆಯಲ್ಲಂತೂ ಕತ್ತಲೆ ಮತ್ತು ಮೌನವೇ ಆಸ್ತಿ. ಅಲ್ಲಿಯ ಬೆಟ್ಟದ ಮೇಲೆ, ಸುಮಾರು 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. ಹೊಸಕೋಟೆಯಲ್ಲಿ ಕೂತವರು ಆ ಆಕಾಶ ನೋಡುತ್ತಿರುವಾಗ, ಕೆಳಗೆ ವ್ಯಾನಿನ ಹೊರದೀಪ ಉರಿಸಿಕೊಂಡು ಕೂರುವುದು ನಮಗೆ ಶೋಭಿಸದು. ದೀಪ ಆರಿಸಿದರೆ ಬ್ಯಾಟರಿಗೂ ಉಳಿತಾಯ.

ವ್ಯಾನು ಗೊತ್ತುಮಾಡುವ ಮುನ್ನ ಮಾಲೀಕರನ್ನು ಐದು ಪ್ರಶ್ನೆ ಕೇಳಿ. ಬ್ಯಾಟರಿ ಯಾವ ಜಾತಿಯದು, ಎಷ್ಟು ಆಂಪಿಯರ್ ಅವರ್? ಎಷ್ಟು ಹಳೆಯದು? ಚಾರ್ಜರ್ ಎಷ್ಟು ಆಂಪಿಯರಿನದು, ಇಳಿಸಲು ಬರುತ್ತದೆಯೇ? ಜನರೇಟರ್ ಎಷ್ಟು ಕೆವಿಎ, ಅದು ಎತ್ತರದ ಜಾಗಕ್ಕೆ ಹೋಗಿ ಬಂದದ್ದುಂಟೇ? ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯೇ? ಉತ್ತರ ಸಿಕ್ಕ ಮೇಲೂ ಒಂದು ರಾತ್ರಿ ನಿಮ್ಮ ಕಾಲೊನಿಯಲ್ಲೇ ವ್ಯಾನು ನಿಲ್ಲಿಸಿ, ಹೊರಗಿನ ಕರೆಂಟು ಕೊಡದೆ, ಬೇಕಾದದ್ದೆಲ್ಲವನ್ನೂ ನಡೆಸಿ ನೋಡಿ. ಬೆಳಿಗ್ಗೆ ಮೀಟರ್ 12.2ಕ್ಕಿಂತ ಕೆಳಗಿದ್ದರೆ ಆ ವ್ಯಾನು ನಿಮ್ಮ ಮನೆಯವರಿಗೆ ಸಾಲದು. ಇನ್ನೊಂದು ವ್ಯಾನು ಹುಡುಕಲು ಅಥವಾ ಬ್ಯಾಟರಿ ಕೂಡಿಸಲು ಆಗಿನ್ನೂ ಹೊತ್ತಿರುತ್ತದೆ.