ಇಪ್ಪತ್ತು ಪಾಲು ಎಥೆನಾಲ್, ಪೂರ್ತಿ ಪೆಟ್ರೋಲಿನ ದರ

ಗಾಜಿನ ಅಳತೆ ಕೊಳವೆಗೆ 50 ಮಿಲಿಲೀಟರ್ ಪೆಟ್ರೋಲ್ ಹಾಕಿ, ಅಷ್ಟೇ ನೀರು ಸುರಿದು, ಬಾಯಿ ಮುಚ್ಚಿ ಕುಲುಕಿ ಇಟ್ಟರೆ ಸ್ವಲ್ಪ ಹೊತ್ತಿಗೆ ಎರಡೂ ಬೇರೆಯಾಗುತ್ತವೆ. ಆದರೆ ತಳದ ನೀರು 50ರ ಗೆರೆಯಲ್ಲಿ ನಿಂತಿರುವುದಿಲ್ಲ. 60ರ ಆಸುಪಾಸಿಗೆ ಏರಿರುತ್ತದೆ. ಪೆಟ್ರೋಲಿನಲ್ಲಿದ್ದ ಎಥೆನಾಲ್ ಅದನ್ನು ಬಿಟ್ಟು ನೀರಿನ ಜತೆ ಸೇರಿಕೊಂಡಿದೆ. ‘ಪೆಟ್ರೋಲಿಗೆ ನೀರು ಬೆರೆಸಿದ್ದಾರೆ’ ಎಂದು ಬಂಕುಗಳಲ್ಲಿ ನಡೆಯುವ ಎಷ್ಟೋ ಜಗಳಗಳ ಮೂಲ ಈ ಗುಣವೇ. ಟ್ಯಾಂಕಿಗೆ ಮಳೆನೀರು ಇಳಿದರೆ ಒಳಗೂ ಆಗುವುದು ಇದೇ: ಎಥೆನಾಲ್ ನೀರಿನೊಂದಿಗೆ ತಳ ಸೇರುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಯೋಚನೆ ಹೊಸದಲ್ಲ. ಅದಕ್ಕಾಗಿ 1948ರಲ್ಲೇ ಕಾಯ್ದೆ ಬಂದಿತ್ತು. ಈಗಿನ ಯೋಜನೆ ಶುರುವಾದದ್ದು 2003ರಲ್ಲಿ, ಶೇ 5ರ ಗುರಿಯೊಂದಿಗೆ. ಹತ್ತು ವರ್ಷ ಕಳೆದರೂ ಮಿಶ್ರಣ ಶೇ 1.5ರ ಹತ್ತಿರವೇ ತೆವಳುತ್ತಿತ್ತು. ಆಮೇಲಿನ ಓಟ ಮಾತ್ರ ಜೋರು: 2022ರ ಜೂನ್‌ನಲ್ಲಿ ಶೇ 10, 2025ರಲ್ಲಿ ಶೇ 20. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮೊದಲೇ ಕೈಗೆ ಬಂತು. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲೇ.

ಇಂಧನ ಓಡಿದಷ್ಟು ವೇಗವಾಗಿ ಜನರ ಗಾಡಿಗಳು ಬದಲಾಗಲಿಲ್ಲ. ಇ20 ತಾಳಿಕೊಳ್ಳುವ ಬಿಡಿಭಾಗಗಳು ಹೊಸ ವಾಹನಗಳಿಗೆ ಬಂದದ್ದೇ 2023ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ ಕೋಟಿಗಟ್ಟಲೆ ಸ್ಕೂಟರು, ಬೈಕು, ಕಾರುಗಳು ರಸ್ತೆಯಲ್ಲೇ ಇವೆ. ಹಳೆಯ ರಬ್ಬರ್ ಹೋಸು, ಗ್ಯಾಸ್ಕೆಟ್‌ಗಳು ಎಥೆನಾಲ್‌ನಲ್ಲಿ ನೆನೆದು ಉಬ್ಬಿ, ಕ್ರಮೇಣ ಬಿರುಕು ಬಿಡುತ್ತವೆ. ತಿಂಗಳುಗಟ್ಟಲೆ ನಿಂತ ಗಾಡಿಯ ಕಾರ್ಬೊರೇಟರ್ ಬಿಚ್ಚಿದರೆ ತಳದ ಬಟ್ಟಲಿನಲ್ಲಿ ಬಿಳಿ ಪುಡಿ ಕೂತಿರುವುದನ್ನು ಮೆಕ್ಯಾನಿಕ್‌ಗಳು ತೋರಿಸುತ್ತಾರೆ. ತೇವ ಸೇರಿದ ಎಥೆನಾಲ್ ಅಲ್ಯುಮಿನಿಯಂ, ಸತುವನ್ನು ತಿಂದ ಗುರುತು ಅದು. ಟ್ಯಾಂಕಿನ ಹಳೆಯ ಕೊಳೆಯನ್ನು ಎಬ್ಬಿಸಿ ಫಿಲ್ಟರ್ ಕಟ್ಟಿಸುವುದೂ ಉಂಟು. ಹಾಗೆಂದು ಇ20 ಹಾಕಿದ ಕೂಡಲೇ ಎಂಜಿನ್ ಹಾಳಾಗುತ್ತದೆ ಎಂಬುದು ಬರೀ ಹೆದರಿಕೆ. ಎಥೆನಾಲ್‌ಗೆ ಆಕ್ಟೇನ್ ಹೆಚ್ಚು, ಎಂಜಿನ್ ಬಡಿತ ಕಡಿಮೆ. ಅದಕ್ಕೆಂದೇ ಹೊಂದಿಸಿದ ಎಂಜಿನ್ ಚೆನ್ನಾಗಿಯೇ ಓಡುತ್ತದೆ.

ಜೇಬಿನ ಲೆಕ್ಕ ಬೇರೆ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಭಾಗ ಮಾತ್ರ. ಶೇ 20 ಬೆರೆಸಿದಾಗ ಲೀಟರಿಗೆ ಶೇ 6–7ರಷ್ಟು ಶಕ್ತಿ ಕಡಿಮೆಯಾಗುತ್ತದೆ. 2021ರ ನೀತಿ ಆಯೋಗದ ವರದಿಯೂ ಹಳೆಯ ಕಾರುಗಳಿಗೆ ಇಷ್ಟೇ ನಷ್ಟ ಹೇಳಿತ್ತು, ಬೈಕುಗಳಿಗೆ ಶೇ 3–4. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ವರ್ಷಕ್ಕೆ 10,000 ಕಿಲೋಮೀಟರ್ ಓಡಿದರೆ, ಶೇ 6ರ ನಷ್ಟಕ್ಕೆ ಸುಮಾರು 42 ಲೀಟರ್ ಹೆಚ್ಚು ಬೇಕು. 2024ರ ಜೂನ್‌ನ ತೆರಿಗೆ ಏರಿಕೆಯ ನಂತರ ಬೆಂಗಳೂರಿನಲ್ಲಿ ಪೆಟ್ರೋಲ್ 102 ರೂಪಾಯಿ ದಾಟಿತು. ಆ ದರದಲ್ಲಿ ಇದು ನಾಲ್ಕು ಸಾವಿರಕ್ಕೂ ಹೆಚ್ಚು.

ಆ ವರದಿಯಲ್ಲೇ ಇನ್ನೊಂದು ಮಾತಿತ್ತು: ಶಕ್ತಿ ಕಡಿಮೆಯಿರುವ ಇಂಧನದ ಚಿಲ್ಲರೆ ಬೆಲೆಯೂ ಕಡಿಮೆ ಇರಬೇಕು, ತೆರಿಗೆ ರಿಯಾಯಿತಿ ಕೊಡಬಹುದು ಎಂದು. ವರದಿಯ ಗುರಿಯನ್ನು ಸರ್ಕಾರ ಎತ್ತಿಕೊಂಡಿತು, ಈ ಸಲಹೆಯನ್ನು ಮಾತ್ರ ಅಲ್ಲೇ ಬಿಟ್ಟಿತು. ಪೆಟ್ರೋಲಿಯಂ ಸಚಿವಾಲಯದ ಸಮರ್ಥನೆಯಲ್ಲಿ ತಥ್ಯವಿದೆ: ಆಗ ಎಥೆನಾಲ್ ಅಗ್ಗವಿತ್ತು, 2025ರಲ್ಲಿ ಸಾಗಣೆ, ಜಿಎಸ್‌ಟಿ ಸೇರಿ ಲೀಟರಿಗೆ 71.32 ರೂಪಾಯಿ ಆಗಿ, ತೆರಿಗೆಗೆ ಮುಂಚಿನ ಪೆಟ್ರೋಲಿಗಿಂತ ದುಬಾರಿಯಾಗಿತ್ತು. 2025ರವರೆಗಿನ ಹನ್ನೊಂದು ವರ್ಷದಲ್ಲಿ 1.44 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ವಿದೇಶಿ ವಿನಿಮಯ ಉಳಿದಿದೆ ಎಂಬುದೂ ಅದೇ ಸಚಿವಾಲಯದ ಲೆಕ್ಕ. ಉಳಿತಾಯ ದೇಶದ್ದಾದರೆ ಅದರ ಖರ್ಚನ್ನು ಹಳೆಯ ಬೈಕಿನವನೊಬ್ಬನೇ ಯಾಕೆ ಹೊರಬೇಕು? ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಹಾಗಾಗಿ ಬೇರೆ ದಾರಿ ತೋರಿಸಬೇಕಾದದ್ದು ಸರ್ಕಾರವೇ.

ಬ್ರೆಜಿಲ್‌ನಲ್ಲಿ ಅಂಥದೊಂದು ದಾರಿಯಿದೆ: 2003ರಿಂದ ಎಥೆನಾಲ್, ಪೆಟ್ರೋಲ್ ಎರಡಕ್ಕೂ ಒಗ್ಗುವ ಫ್ಲೆಕ್ಸ್ ಕಾರುಗಳಿವೆ. ಬಂಕಿನಲ್ಲಿ ಎಥೆನಾಲ್ ಬೇರೆ, ಮಿಶ್ರ ಪೆಟ್ರೋಲ್ ಬೇರೆ. ಎಥೆನಾಲ್ ದರ ಪೆಟ್ರೋಲಿನ ಶೇ 70ಕ್ಕಿಂತ ಕೆಳಗಿದ್ದರೆ ಅದನ್ನೇ ಹಾಕಿಸಿಕೊಳ್ಳುವುದು ಅಲ್ಲಿಯ ಚಾಲಕರ ರೂಢಿ.

ರೈತನ ಹೆಸರಿನಲ್ಲಿ ನಡೆಯುವ ಈ ಯೋಜನೆಯಲ್ಲಿ ರೈತನ ಪಾಲೆಷ್ಟು ಎಂಬ ಪ್ರಶ್ನೆಯೂ ಬಗೆಹರಿದಿಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಕೂತರು, 3,300ಕ್ಕೆ ಒಪ್ಪಂದವಾಯಿತು. ಅದೇ ತಿಂಗಳು ಗದಗ, ಹಾವೇರಿ ಕಡೆಯ ಮೆಕ್ಕೆಜೋಳದವರು ಬೆಂಬಲ ಬೆಲೆಗಾಗಿ ಬೀದಿಗಿಳಿದರು. ಕಬ್ಬು, ಮೆಕ್ಕೆಜೋಳ ಎರಡೂ ಎಥೆನಾಲ್‌ನ ಕಚ್ಚಾವಸ್ತು. ಕಾರ್ಖಾನೆಗೆ ಸಿಗುವ ಎಥೆನಾಲ್ ದರ ಸರ್ಕಾರವೇ ಗೊತ್ತುಮಾಡುವುದರಿಂದ, ಆ ದರದಲ್ಲಿ ಬೆಳೆಗಾರನಿಗೆ ಎಷ್ಟು ಎಂಬುದನ್ನೂ ಅದೇ ಆದೇಶದಲ್ಲಿ ಬರೆಯಲು ಅಡ್ಡಿಯೇನೂ ಇಲ್ಲ. ಹಾಗೆಯೇ ಬಂಕಿನ ಯಂತ್ರದ ಮೇಲೆ ಎಥೆನಾಲ್ ಪ್ರಮಾಣ ಕಾಣಿಸಲಿ, ಹಳೆಯ ಗಾಡಿಗಳಿಗೆಂದು ಇ10ರ ಒಂದು ಪೈಪಾದರೂ ಇರಲಿ, ಇ20ಕ್ಕೆ ಕಡಿಮೆಯಾದ ಶಕ್ತಿಗೆ ತಕ್ಕಷ್ಟು ತೆರಿಗೆ ಇಳಿಯಲಿ.